ಅಂಚೆಯಲ್ಲಿ ಹೋದ ಜೊಲ್ಲಿನ ಡಿಎನ್‌ಎ ಕೆಡುವುದಿಲ್ಲವೇ?

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ಮಗಳಿಗೆ ಆರೋಗ್ಯ ಸಂಶೋಧನೆಗೆಂದು ಜೊಲ್ಲು ತುಂಬಿ ಕಳುಹಿಸುವ ಕೊಳವೆಯೊಂದು ಅಂಚೆಯಲ್ಲಿ ಬಂದಿದೆ. ಐಸ್ ಕೂಡ ಇಲ್ಲದೆ ಮೂರು ನಾಲ್ಕು ದಿನ ಅಂಚೆ ಚೀಲದಲ್ಲಿ ಬಿದ್ದಿದ್ದರೆ ಡಿಎನ್‌ಎ ಹಾಳಾಗುವುದಿಲ್ಲವೇ?

ಉತ್ತರ: ಹಾಳಾಗುವುದಿಲ್ಲ, ಮುಚ್ಚಳವನ್ನು ಸರಿಯಾಗಿ ಹಾಕಿದ್ದರೆ.

ಡಿಎನ್‌ಎಗೆ ದೊಡ್ಡ ಶತ್ರುಗಳು ಜೊಲ್ಲಿನಲ್ಲೇ ಇರುತ್ತವೆ: ಅದನ್ನು ತುಂಡರಿಸುವ ಕಿಣ್ವಗಳು ಮತ್ತು ಬ್ಯಾಕ್ಟೀರಿಯಾ. ಬರಿಯ ಲೋಟದಲ್ಲಿ ಉಗುಳಿಟ್ಟರೆ ಅವು ಕೂಡಲೇ ಕೆಲಸ ಶುರು ಮಾಡುತ್ತವೆ. ಅದಕ್ಕೆಂದೇ ಇಂಥ ಕೊಳವೆಗಳ ಮುಚ್ಚಳದೊಳಗೆ ಸಂರಕ್ಷಕ ದ್ರವ ತುಂಬಿರುತ್ತಾರೆ. ಗುರುತಿನ ಗೆರೆಯವರೆಗೆ, ಸಾಮಾನ್ಯವಾಗಿ 2 ಮಿಲಿಲೀಟರ್, ಜೊಲ್ಲು ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ಮುಚ್ಚಳವನ್ನು ಒತ್ತಿದಾಗ ಒಳಗಿನ ಪೊರೆ ಹರಿದು ದ್ರವ ಕೆಳಗಿಳಿಯುತ್ತದೆ. ಅದು ಬಿಳಿ ರಕ್ತಕಣಗಳನ್ನೂ ಕೆನ್ನೆಯ ಒಳಪದರದಿಂದ ಉದುರಿದ ಜೀವಕೋಶಗಳನ್ನೂ ಒಡೆದು ಡಿಎನ್‌ಎಯನ್ನು ಬಿಡಿಸುತ್ತದೆ, ಕಿಣ್ವಗಳನ್ನು ಸುಮ್ಮನಾಗಿಸುತ್ತದೆ. ಆಮೇಲೆ ಕೋಣೆಯ ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಚಿಂತೆಯಿಲ್ಲ. ಉಗುಳುವ ಮುನ್ನ ಅರ್ಧ ಗಂಟೆ ತಿನ್ನಬಾರದು, ಕುಡಿಯಬಾರದು, ಸಿಗರೇಟು ಸೇದಬಾರದು. ಬಾಯಿ ಒಣಗುವ ವೃದ್ಧರಿಗೆ ಆ ಗೆರೆ ಮುಟ್ಟಿಸುವುದೇ ನಿಜವಾದ ಕಷ್ಟ.

ಎಡಿನ್‌ಬರೋ ವಿಶ್ವವಿದ್ಯಾಲಯದ ಆರೋಗ್ಯ ಅಧ್ಯಯನ 'ಜನರೇಷನ್ ಸ್ಕಾಟ್ಲೆಂಡ್' 2006ರಿಂದ 2011ರವರೆಗೆ ಸುಮಾರು 24,000 ಜನರನ್ನು ಸೇರಿಸಿಕೊಂಡು, ಅವರಲ್ಲಿ ಹೆಚ್ಚಿನವರನ್ನು ಕ್ಲಿನಿಕ್‌ಗಳಿಗೆ ಕರೆಸಿ ರಕ್ತ ಪಡೆದಿತ್ತು. 2022ರಲ್ಲಿ ಮತ್ತೆ ಜನರನ್ನು ಸೇರಿಸಿಕೊಳ್ಳಲು ಹೊರಟಾಗ ಆನ್‌ಲೈನ್ ಪ್ರಶ್ನಾವಳಿ ಮತ್ತು ಅಂಚೆಯ ಕೊಳವೆಯನ್ನು ನೆಚ್ಚಿಕೊಂಡಿತು. ದೂರದ ದ್ವೀಪದಲ್ಲಿರುವವರೂ ಮನೆಯಿಂದಲೇ ಭಾಗವಹಿಸಬಹುದು ಎಂಬುದು ನನಗೆ ಈ ವಿಧಾನದಲ್ಲಿ ತುಂಬ ಹಿಡಿಸುವ ಸಂಗತಿ. ಒಪ್ಪಿಗೆ ಕೊಟ್ಟವರ ಆಸ್ಪತ್ರೆ ದಾಖಲೆಗಳೊಂದಿಗೆ ಡಿಎನ್‌ಎ ಮಾಹಿತಿಯನ್ನು ಜೋಡಿಸಿದಾಗಲೇ ಸಂಶೋಧಕರಿಗೆ ಯಾವ ವಂಶವಾಹಿ ಯಾವ ಕಾಯಿಲೆಯ ಜೊತೆಗಿದೆ ಎಂಬುದು ಕಾಣತೊಡಗುತ್ತದೆ. ಕೊಲೆಸ್ಟ್ರಾಲ್‌ನಂಥದ್ದನ್ನು ಅಳೆಯಲು ಮಾತ್ರ ಇಂದಿಗೂ ರಕ್ತವೇ ಬೇಕು.

ನನ್ನನ್ನು ಕಾಡುವುದು ವಾಪಸು ಬಾರದ ಕೊಳವೆಗಳು. ಬಿಡುವಿಲ್ಲದವರು, ಪದೇ ಪದೇ ಮನೆ ಬದಲಿಸುವವರು, ಸರ್ಕಾರದ ಕಾಗದ ಕಂಡರೆ ಅಂಜುವವರು ಉತ್ತರಿಸದೆ ಉಳಿದರೆ ಅವರ ಕಾಯಿಲೆಗಳೂ ಲೆಕ್ಕದಿಂದ ಹೊರಗುಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಭಾರತೀಯರ ಡಿಎನ್‌ಎ ಓದಲು ಹೊರಟ 'ಜಿನೋಮ್ ಇಂಡಿಯಾ' ಯೋಜನೆ ಅಂಚೆಯನ್ನು ನಂಬದೆ ಹಲವು ಸಮುದಾಯಗಳ ಜನರನ್ನು ನೇರವಾಗಿ ಭೇಟಿಯಾಗಿ ರಕ್ತ ಸಂಗ್ರಹಿಸಿತು. ನಮ್ಮ ನೆಲಕ್ಕೆ ಅದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ.

ಮಗಳು ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಲಿ. ಕೊಳವೆಯ ಮೇಲೆ ಹೆಸರಿನ ಬದಲು ಬಾರ್‌ಕೋಡ್ ಇದೆಯೇ, ಮಾಹಿತಿಯನ್ನು ಯಾರು ಬಳಸಬಹುದು, ಹಿಂದೆ ಸರಿಯುವುದು ಹೇಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಹಿಂದೆ ಸರಿಯುವ ಹೊತ್ತಿಗಾಗಲೇ ಪ್ರಕಟವಾದ ಅಧ್ಯಯನದಿಂದ ಆಕೆಯ ಮಾಹಿತಿಯನ್ನು ಹಿಂದಕ್ಕೆ ತೆಗೆಯಲು ಆಗುವುದಿಲ್ಲ. ಆಕೆಯ ಡಿಎನ್‌ಎಯಲ್ಲಿ ಅರ್ಧದಷ್ಟು ನಿಮ್ಮಿಂದ ಬಂದದ್ದು. ಆದ್ದರಿಂದ ಸಹಿ ಹಾಕುವ ಮುನ್ನ ನಿಮ್ಮಿಬ್ಬರ ನಡುವೆಯೂ ಒಂದು ಮಾತು ಆಗಲಿ.