ಒಂದಿಂಚು ಪೈಪಿನಲ್ಲಿ ಒಂದಿಂಚು ಎಲ್ಲಿದೆ?

ಒಂದಿಂಚಿನ ಸ್ಟೀಲ್ ಪೈಪಿಗೆ ವರ್ನಿಯರ್ (ವ್ಯಾಸವನ್ನು ನಿಖರವಾಗಿ ಅಳೆಯುವ ಸಾಧನ) ಹಿಡಿದು ನೋಡಿ. ಹೊರವ್ಯಾಸ 33.4 ಮಿಲಿಮೀಟರ್. ಒಳಗೆ ಅಳೆದರೆ ಸುಮಾರು 26.6. ಇಂಚು ಅಂದರೆ 25.4 ಅಲ್ವಾ? ಅದು ಎಲ್ಲೂ ಸಿಗುವುದಿಲ್ಲ.

ಇದರಲ್ಲಿ ಮೋಸವೇನಿಲ್ಲ. ಮೊದಲು ಕಬ್ಬಿಣದ ಪೈಪಿನ ಗೋಡೆ ದಪ್ಪ ಇರುತ್ತಿತ್ತು, ಒಳಗಿನ ತೂತು ಹೆಚ್ಚುಕಡಿಮೆ ಹೆಸರಿನಷ್ಟೇ ಇರುತ್ತಿತ್ತು. ಆಮೇಲೆ ಲೋಹ ಸುಧಾರಿಸಿತು, ಗೋಡೆ ತೆಳುವಾಯಿತು. ಆದರೆ ಹಳೇ ಥ್ರೆಡ್ಡು, ಎಲ್ಬೋ, ವಾಲ್ವುಗಳಿಗೆ ಹೊಸ ಪೈಪ್ ಕೂರಬೇಕಲ್ಲ? ಹಾಗಾಗಿ ಹೊರಗಿನ ಅಳತೆಯನ್ನು ಯಾರೂ ಮುಟ್ಟಲಿಲ್ಲ. ಗೋಡೆ ಎಷ್ಟು ದಪ್ಪ ಅನ್ನುವುದನ್ನು ಷೆಡ್ಯೂಲ್ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಇವತ್ತಿಗೂ ಒಂದಿಂಚಿನ ಪೈಪ್ ಷೆಡ್ಯೂಲ್ 40 ಆಗಲಿ, 80 ಆಗಲಿ, ಹೊರವ್ಯಾಸ ಒಂದೇ. ಗೋಡೆ ಮಾತ್ರ 3.38 ಇದ್ದದ್ದು 4.55 ಮಿಲಿಮೀಟರ್ ಆಗುತ್ತದೆ, ಹರಿಯುವ ದಾರಿ ಅಷ್ಟು ಕಿರಿದಾಗುತ್ತದೆ. 14 ಇಂಚಿನಿಂದ ಮೇಲೆ ಹೋದರೆ ಹೆಸರಿನ ಇಂಚೇ ಹೊರವ್ಯಾಸ.

ಟ್ಯೂಬಿನ ಲೆಕ್ಕ ಬೇರೆ. ಅದನ್ನು ಸಾಮಾನ್ಯವಾಗಿ ನಿಜವಾದ ಹೊರವ್ಯಾಸ ಮತ್ತು ಗೋಡೆಯ ದಪ್ಪ ಹೇಳಿಯೇ ಕೊಳ್ಳುವುದು. ದ್ರವ, ಅನಿಲ ಸಾಗಿಸಬೇಕೇ? ಪೈಪ್. ಬಾಯ್ಲರ್, ಹೈಡ್ರಾಲಿಕ್ ಲೈನ್, ಯಂತ್ರದ ಫ್ರೇಮ್‌ನಂಥ ಅಳತೆ ತಪ್ಪಬಾರದ ಕಡೆ ಟ್ಯೂಬ್.

ಇನ್ನು ದಪ್ಪ ಎಷ್ಟಿರಬೇಕು? ಒಳಗಿನ ಒತ್ತಡವನ್ನು ವ್ಯಾಸದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಗೋಡೆ ಸುತ್ತಲೂ ಎಷ್ಟು ಎಳೆತ ತಡೆಯಬೇಕೆಂದು ತಿಳಿಯುತ್ತದೆ. ಅಂದರೆ ಅದೇ ದಪ್ಪದಲ್ಲಿ ವ್ಯಾಸ ದುಪ್ಪಟ್ಟಾದರೆ ತಡೆಯುವ ಒತ್ತಡ ಅರ್ಧ. ದೊಡ್ಡ ಪೈಪ್ ನೋಡಲು ಗಟ್ಟಿ ಅನ್ನಿಸುತ್ತದೆ, ಅಷ್ಟೇ. ಸುತ್ತಲಿನ ಈ ಎಳೆತ ಉದ್ದಕ್ಕೆ ಬೀಳುವ ಎಳೆತದ ಎರಡರಷ್ಟು. ಒತ್ತಡ ತಾಳದ ಪೈಪ್ ಉದ್ದುದ್ದ ಸೀಳುವುದು ಇದಕ್ಕೇ. ಕೊಳ್ಳುವಾಗ ಇನ್ನೊಂದು ಗಮನಿಸಿ: ಹಲವು ಸ್ಟೀಲ್ ಪೈಪುಗಳ ಗೋಡೆ ಹೇಳಿದ ದಪ್ಪಕ್ಕಿಂತ ಶೇ. 12.5ರಷ್ಟು ಕಡಿಮೆ ಇದ್ದರೂ ಮಾನದಂಡ ಒಪ್ಪುತ್ತದೆ. ಅದರ ಮೇಲೆ ತುಕ್ಕು ತಿನ್ನುವ ಪಾಲನ್ನೂ ಸೇರಿಸಿಕೊಳ್ಳಬೇಕು.

ತಗಡು ಸುತ್ತಿ ಬೆಸೆದ ಪೈಪಿನಲ್ಲಿ ಬೆಸುಗೆಯ ಗೆರೆಯೂ ಉದ್ದಕ್ಕೇ ಇರುತ್ತದೆ, ಜಾಸ್ತಿ ಎಳೆತ ಬೀಳುವ ಕಡೆಯೇ. 1885ರ ಹೊತ್ತಿಗೆ ಜರ್ಮನಿಯ ಮನ್ನೆಸ್‌ಮನ್ ಸಹೋದರರು ಕಾದ ಗಟ್ಟಿ ಸರಳನ್ನು ಓರೆ ರೋಲರುಗಳ ನಡುವೆ ತಿರುಗಿಸಿ ಟೊಳ್ಳು ಮಾಡುವುದನ್ನು ಕಂಡುಕೊಂಡರು. ಬೆಸುಗೆಯ ಗೆರೆಯೇ ಇಲ್ಲದ ಸೀಮ್‌ಲೆಸ್ ಪೈಪ್ ಹುಟ್ಟಿದ್ದು ಹಾಗೆ. ಆದರೂ ಸುಮ್ನೆ ಎಲ್ಲದಕ್ಕೂ ಸೀಮ್‌ಲೆಸ್ ಬೇಕೆನ್ನುವುದು ದುಡ್ಡು ದಂಡ. ಈಗಿನ ಬೆಸುಗೆ ಚೆನ್ನಾಗಿದೆ, ಗೋಡೆಯ ದಪ್ಪವೂ ಬೆಸೆದ ಪೈಪಿನಲ್ಲೇ ಹೆಚ್ಚು ಸಮ.

ಲೋಹದ ಆಯ್ಕೆಯಲ್ಲಿ ಹೆಚ್ಚು ಕೈಕೊಡುವುದು ಸ್ಟೇನ್‌ಲೆಸ್ ಸ್ಟೀಲ್. 304 ದರ್ಜೆಯ ಪೈಪಿನಲ್ಲಿ ಉಪ್ಪುನೀರು ನಿಂತರೆ ಮೇಲ್ಮೈಯೆಲ್ಲ ಫಳಫಳ ಹೊಳೆಯುತ್ತಲೇ ಇರುತ್ತದೆ, ಒಂದೇ ಕಡೆ ಸೂಜಿಮೊನೆಯಷ್ಟು ಗುಳಿ ಬಿದ್ದು ಗೋಡೆಯ ಆಚೆಯವರೆಗೂ ಕೊರೆಯುತ್ತದೆ. ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವ 316 ಇದನ್ನು ಇನ್ನಷ್ಟು ತಡೆಯುತ್ತದೆ. ಬಿಸಿ ಸಮುದ್ರದ ನೀರಾದರೆ ಅದನ್ನೂ ನಂಬುವ ಹಾಗಿಲ್ಲ, ಟೈಟೇನಿಯಮ್‌ವರೆಗೂ ಹೋಗಬೇಕಾಗಬಹುದು. ಇನ್ನು ತಾಮ್ರದ ಪೈಪಿನಿಂದ ಬಂದ ನೀರನ್ನು ಸತು ಲೇಪಿಸಿದ ಜಿಐ ಪೈಪಿಗೆ ಬಿಡಬೇಡಿ. ನೀರಿನಲ್ಲಿ ಕರಗಿ ಬಂದ ಚೂರು ತಾಮ್ರ ಸತುವಿನ ಮೇಲೆ ಕೂತು ಅಲ್ಲಲ್ಲೇ ತಿನ್ನತೊಡಗುತ್ತದೆ. ಜಿಐ ಮೊದಲು, ತಾಮ್ರ ಆಮೇಲೆ ಇದ್ದರೆ ಈ ತಾಪತ್ರಯ ಇರುವುದಿಲ್ಲ, ಎರಡೂ ಸೇರುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ನೋಡಿಕೊಂಡರಾಯಿತು.