ಹೆಪ್ಪುಗಟ್ಟುವ ನದಿಗೆ ಬೇರೆಯದೇ ಲೆಕ್ಕ ಬೇಕೇ?

ಪ್ರಶ್ನೆ: ಕೃಷ್ಣಾ ನದಿಯ ನೆರೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಕೆನಡಾ, ರಷ್ಯಾದ ಹೆಪ್ಪುಗಟ್ಟುವ ನದಿಗಳಿಗೂ ಸಾಲುವುದಿಲ್ಲವೇ? ಅಲ್ಲಿ ಹೆಚ್ಚಿನದೇನಿದೆ?
– ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ತಳಹದಿಯ ಸಮೀಕರಣಗಳು ಎರಡೂ ಕಡೆ ಒಂದೇ. ಅಮೆರಿಕದ ಸೇನಾ ಇಂಜಿನಿಯರುಗಳ ದಳ ರೂಪಿಸಿ ಉಚಿತವಾಗಿ ಕೊಡುತ್ತಿರುವ ಎಚ್‌ಇಸಿ-ರಾಸ್ ತಂತ್ರಾಂಶವನ್ನು ನೀವು ಬಳಸಿರಬಹುದು. ಮಂಜುಗಡ್ಡೆಯ ದಪ್ಪವನ್ನೂ ಅದರ ತಳಮೈಯ ಒರಟುತನವನ್ನೂ ತುಂಬುವ ಅವಕಾಶ ಅದರಲ್ಲಿಯೇ ಇದೆ. ನಮ್ಮ ಕಡೆ ಅದನ್ನು ತೆರೆದು ನೋಡುವ ಪ್ರಮೇಯ ಬರುವುದಿಲ್ಲ, ಅಷ್ಟೇ.

ರಭಸದ ನೀರು ಸೊನ್ನೆ ಡಿಗ್ರಿಗಿಂತ ಕೆಲವೇ ನೂರನೇ ಒಂದು ಭಾಗದಷ್ಟು ತಣ್ಣಗಾದಾಗ ಅದರ ತುಂಬೆಲ್ಲ ಫ್ರೇಜಿಲ್ ಎಂಬ ಸಣ್ಣ ಹರಳುಗಳು ಹುಟ್ಟಿ, ನದಿಯಿಂದ ನೀರೆತ್ತುವ ಜಾಕ್‌ವೆಲ್‌ನ ಜಾಲರಿಗೂ ನದಿಯ ತಳಕ್ಕೂ ಅಂಟಿಕೊಳ್ಳುತ್ತವೆ. ಮೇಲ್ಪದರ ಕೂಡಿಕೊಂಡ ಬಳಿಕ ಲೆಕ್ಕ ಸರಳ: ಪದರದ ದಪ್ಪವು ಒಟ್ಟಾದ ಚಳಿಯ (ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ ಎಂಬುದನ್ನು ದಿನಗಳಿಂದ ಗುಣಿಸಿದ್ದು) ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೈನಸ್ 10 ಡಿಗ್ರಿಯ 10 ದಿನಗಳಲ್ಲಿ 20 ಸೆಂಟಿಮೀಟರ್ ಕಟ್ಟಿದರೆ, ಅದೇ ಚಳಿ 40 ದಿನ ಇದ್ದರೂ ದಪ್ಪ ಸುಮಾರು 40 ಸೆಂಟಿಮೀಟರ್ ಮಾತ್ರ, ಏಕೆಂದರೆ ಕಟ್ಟಿದ ಗಡ್ಡೆಯೇ ಕೆಳಗಿನ ನೀರಿನ ಶಾಖ ಹೊರಹೋಗದಂತೆ ತಡೆಯುತ್ತದೆ.

ಕಷ್ಟವಿರುವುದು ಒಡೆಯುವುದರಲ್ಲಿ. ಬಿಸಿಲಿಗೆ ನಿಂತಲ್ಲೇ ಕರಗಿದರೆ ತೊಂದರೆಯಿಲ್ಲ. ಆದರೆ ಗಡ್ಡೆ ಇನ್ನೂ ಗಟ್ಟಿಯಾಗಿರುವಾಗಲೇ ಮೇಲ್ಭಾಗದಲ್ಲಿ ಹಿಮ ಕರಗಿ ಹರಿವು ಹೆಚ್ಚಿದರೆ, ಪದರ ಎದ್ದು, ಒಡೆದು, ತುಂಡುಗಳು ತೇಲಿಬಂದು ಯಾವುದೋ ತಿರುವಿನಲ್ಲೋ ನಡುಗಡ್ಡೆಯ ಬಳಿಯೋ ಒತ್ತರಿಸಿ ನಿಲ್ಲುತ್ತವೆ. ಉತ್ತರಕ್ಕೆ ಹರಿಯುವ ರಷ್ಯಾದ ಲೇನಾ ನದಿಯಲ್ಲಿ ದಕ್ಷಿಣದ ಮೇಲ್ಭಾಗವೇ ಮೊದಲು ಕರಗುವುದರಿಂದ ಈ ಅಪಾಯ ಹೆಚ್ಚು. 2001ರ ಮೇ ತಿಂಗಳಲ್ಲಿ ಅದರ ದಡದ ಲೆನ್ಸ್ಕ್ ಪಟ್ಟಣ ಹೀಗೆಯೇ ಮುಳುಗಿತು. ಕೆನಡಾದ ಫೋರ್ಟ್ ಮೆಕ್‌ಮರ್ರೆಯಲ್ಲಿ 2020ರ ಏಪ್ರಿಲ್‌ನಲ್ಲಿ ಸುಮಾರು 13,000 ಜನ ಮನೆ ಬಿಡಬೇಕಾಯಿತು.

ಇಂಥ ಕಡೆ ನೀರು ಏರಲು ಹರಿವು ಹೆಚ್ಚಬೇಕೆಂದೇನೂ ಇಲ್ಲ. ಹಳೆ ಬಾಗಲಕೋಟೆಯ ತಗ್ಗು ಓಣಿಗಳಿಗೆ ಆಲಮಟ್ಟಿಯ ಹಿನ್ನೀರು ಬಂದಂತೆ, ಗಡ್ಡೆಯ ಒಡ್ಡಿನ ಹಿಂದೆಯೂ ನೀರು ನಿಂತು ಏರುತ್ತದೆ. ಆಲಮಟ್ಟಿಗಾದರೆ ಗೊತ್ತಾದ ಎತ್ತರವೂ ಗೇಟುಗಳೂ ಇವೆ; ಗಡ್ಡೆಯ ಒಡ್ಡಿಗೆ ಅವೆರಡೂ ಇಲ್ಲ. ಆದ್ದರಿಂದ ಇಷ್ಟು ಕ್ಯುಸೆಕ್‌ಗೆ ಇಷ್ಟು ಮಟ್ಟ ಎಂಬ ಪಟ್ಟಿ ಹೆಪ್ಪುಗಟ್ಟುವ ನದಿಗಳಲ್ಲಿ ನಂಬಲರ್ಹವಲ್ಲ.

ಒಡ್ಡು ಎಲ್ಲಿ ಕಟ್ಟುತ್ತದೆ, ಎಷ್ಟು ಗಡ್ಡೆ ಬಂದು ಸೇರುತ್ತದೆ ಎಂಬುದನ್ನು ಯಾವ ಮಾದರಿಯೂ ಮುಂಚಿತವಾಗಿ ಖಚಿತವಾಗಿ ಹೇಳಲಾರದು. ಹಾಗಾಗಿ ಜಾಗ, ಹರಿವು, ಗಡ್ಡೆಯ ಪ್ರಮಾಣಗಳನ್ನು ಬದಲಿಸುತ್ತ ಒಂದೇ ಮಾದರಿಯನ್ನು ನೂರಾರು ಸಲ ಓಡಿಸಿ, ನೀರು ಇಂತಿಷ್ಟು ಮಟ್ಟ ದಾಟುವ ಸಂಭವ ಶೇಕಡಾ ಎಷ್ಟು ಎಂದು ತೆಗೆಯುತ್ತಾರೆ. ನನ್ನ ಮಟ್ಟಿಗೆ, ಜನರನ್ನು ಯಾವಾಗ ತೆರವುಗೊಳಿಸಬೇಕೆಂದು ತೀರ್ಮಾನಿಸುವವರಿಗೆ ಒಂದೇ ಅಂಕಿಗಿಂತ ಇದೇ ಹೆಚ್ಚು ಉಪಯುಕ್ತ.