ಎಂಬಿಬಿಎಸ್ ಇಲ್ಲದೆ ಪಬ್ಲಿಕ್ ಹೆಲ್ತ್ ಓದಬಹುದಾ? ಮತ್ತೊಮ್ಮೆ ಹೇಳುತ್ತೇನೆ, ಓದಬಹುದು

ಪ್ರಶ್ನೆ: ಮೇಡಂ, ಧಾರವಾಡದಲ್ಲಿ ಬಿಎಸ್ಸಿ ಮುಗಿಸಿದ್ದೇನೆ, ಕೆಮಿಸ್ಟ್ರಿ ಮತ್ತು ಝೂಆಲಜಿ. ಊರು ಮುಂಡರಗಿ ಹತ್ತಿರ. ಟಾಕ್ಸಿಕಾಲಜಿ (ವಿಷಶಾಸ್ತ್ರ) ಅಥವಾ ಪಬ್ಲಿಕ್ ಹೆಲ್ತ್‌ನಲ್ಲಿ ಮುಂದೆ ಓದುವ ಆಸೆ ಇದೆ. ಆದರೆ ಡಾಕ್ಟರ್ ಅಲ್ಲದವರಿಗೆ ಅದೆಲ್ಲ ದಂಡ ಅಂತ ಮನೆಯಲ್ಲಿ ಹೇಳುತ್ತಾರೆ. ನಿಜಾನಾ?

ಪ್ರತಿ ವರ್ಷ ರಿಸಲ್ಟ್ ಬಂದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ಕೇಳುವವರ ಊರು ಒಮ್ಮೆ ರೋಣ, ಒಮ್ಮೆ ಹಾನಗಲ್ಲ, ಒಮ್ಮೆ ಕುಂದಗೋಳ. ಪ್ರಶ್ನೆ ಮಾತ್ರ ಅದೇ. ಹಾಗಾಗಿ ಮೊದಲು ಉತ್ತರ: ನಿಜ ಅಲ್ಲ. ನಿಮ್ಮ ಡಿಗ್ರಿ ಸಾಕು. ಇನ್ನು ಮನೆಯವರಿಗೆ ಹೇಳಲು ಒಂದಿಷ್ಟು ಸರಕು ಕೊಡುತ್ತೇನೆ, ಯಾಕೆಂದರೆ ಅಡ್ಮಿಷನ್‌ಗಿಂತ ಆ ಜಗಳವೇ ದೊಡ್ಡದು ಅಂತ ನನಗೆ ಗೊತ್ತು.

ಈ ತಪ್ಪು ತಿಳುವಳಿಕೆ ಎಲ್ಲಿಂದ ಬಂತು ಅನ್ನುವುದು ಸುಲಭ. ಮೆಡಿಕಲ್ ಕಾಲೇಜುಗಳಲ್ಲಿ ಕಮ್ಯುನಿಟಿ ಮೆಡಿಸಿನ್ ಅಂತ ಒಂದು ವಿಭಾಗ ಇರುತ್ತದೆ. ಅದರಲ್ಲಿ ಎಂಡಿ ಮಾಡಲು ಎಂಬಿಬಿಎಸ್ ಬೇಕೇ ಬೇಕು. ನಿಮ್ಮ ಪಕ್ಕದ ಮನೆ ಕಾಕಾ ಅದನ್ನೂ ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಅನ್ನೂ ಒಂದೇ ಅಂದುಕೊಂಡಿದ್ದಾರೆ. ಎಂಪಿಎಚ್ ಎರಡು ವರ್ಷದ ಬೇರೆ ಕೋರ್ಸ್. ಕೆಲವು ಸಂಸ್ಥೆಗಳು ಅದಕ್ಕೂ ವೈದ್ಯಕೀಯ ಅಥವಾ ನರ್ಸಿಂಗ್ ತರಹದ ಪದವಿ ಕೇಳುತ್ತವೆ, ಅದು ಸುಳ್ಳಲ್ಲ. ಆದರೆ ವಿಜ್ಞಾನ, ಕೃಷಿ, ಸಮಾಜಕಾರ್ಯ ಓದಿದವರನ್ನು ತೆಗೆದುಕೊಳ್ಳುವ ಸಂಸ್ಥೆಗಳೂ ಬೇಕಾದಷ್ಟಿವೆ. ಪ್ರಾಸ್ಪೆಕ್ಟಸ್ ತೆರೆದು ಅರ್ಹತೆಯ ಪುಟ ಓದಿ. ಕಾಕಾ ಅದನ್ನು ಓದಿಲ್ಲ, ನಾನು ಗ್ಯಾರಂಟಿ ಕೊಡುತ್ತೇನೆ.

ಈಗ ನಿಮ್ಮ ಊರಿನ ಕಡೆಗೇ ಬರೋಣ. ಗದಗ ಜಿಲ್ಲೆಯ ಬೋರ್ ನೀರಿನಲ್ಲಿ, ಅದರಲ್ಲೂ ಮುಂಡರಗಿ ಕಡೆ, ಫ್ಲೋರೈಡ್ ಜಾಸ್ತಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಶಾಲೆಯ ಗ್ರೂಪ್ ಫೋಟೋದಲ್ಲಿ ನಕ್ಕವರ ಹಲ್ಲು ನೋಡಿದರೆ ಸಾಕು. ಒಬ್ಬ ಅಜ್ಜ ಸೊಂಟ ಹಿಡಿದುಕೊಂಡಿದೆ, ಬಗ್ಗಲು ಆಗುತ್ತಿಲ್ಲ ಅಂತ ದವಾಖಾನೆಗೆ ಬರುತ್ತಾರೆ ಅನ್ನಿ. ಡಾಕ್ಟರ್ ಎಕ್ಸ್‌ರೇ ತೆಗೆಸಿ, ಎಲುಬು ದಪ್ಪಗಾಗಿದ್ದು ನೋಡಿ, ಇದು ಫ್ಲೋರೋಸಿಸ್, ಫ್ಲೋರೈಡ್ ಜಾಸ್ತಿಯಾಗಿ ಬರುವ ಕಾಯಿಲೆ ಅನ್ನುತ್ತಾರೆ, ನೋವಿಗೆ ಗುಳಿಗೆ ಬರೆದುಕೊಡುತ್ತಾರೆ, ನೀರು ಬದಲಿಸಿ ಅನ್ನುತ್ತಾರೆ. ಬಾಗಿದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧ ಅವರ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ.

ಡಾಕ್ಟರ್ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ಆದರೆ ಉಳಿದ ಪ್ರಶ್ನೆಗಳನ್ನು ನೋಡಿ. ಊರಿನ ಯಾವ ಬೋರ್‌ನಲ್ಲಿ ಎಷ್ಟು ಫ್ಲೋರೈಡ್ ಇದೆ? ಬೇಸಿಗೆಯಲ್ಲಿ ಅದು ಏರುತ್ತದಾ? ಅಷ್ಟೇ ಫ್ಲೋರೈಡ್ ಇರುವ ಪಕ್ಕದ ಊರಿನಲ್ಲಿ ತೊಂದರೆ ಯಾಕೆ ಕಡಿಮೆ, ಅವರ ಊಟದಲ್ಲಿ ಹಾಲು ಮೊಸರು ಜಾಸ್ತಿಯೋ, ಅಥವಾ ಅವರು ಕುಡಿಯುವುದು ಬೇರೆ ನೀರೋ? ಯಾವ ವಯಸ್ಸಿನ ಮಕ್ಕಳ ಹಲ್ಲಿನಲ್ಲಿ ಕಲೆ ಇದೆ, ಅಂದರೆ ತೊಂದರೆ ಹಳೆಯದಾ, ಈಗಲೂ ನಡೀತಾ ಇದೆಯಾ? ಇದಕ್ಕೆಲ್ಲ ಸ್ಟೆತಸ್ಕೋಪ್ ಉತ್ತರ ಕೊಡುವುದಿಲ್ಲ. ಕೆಮಿಸ್ಟ್ ಬೇಕು, ಭೂಗರ್ಭ ಗೊತ್ತಿರುವವರು ಬೇಕು, ಲೆಕ್ಕ ಬರುವವರು ಬೇಕು, ಮನೆ ಮನೆಗೆ ಹೋಗಿ ಅವ್ವಂದಿರ ಜೊತೆ ಕೂತು ಮಾತಾಡುವ ತಾಳ್ಮೆ ಇರುವವರು ಬೇಕು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. 1.5 ಇರುವ ನೀರನ್ನು ಆಫೀಸಿನಲ್ಲಿ ಫ್ಯಾನ್ ಕೆಳಗೆ ಕೂತವರು ದಿನಕ್ಕೆ 2 ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು 5 ಲೀಟರ್ ಕುಡಿದರೆ 7.5. ನೀರು ಒಂದೇ, ಬೋರ್ ಒಂದೇ, ಡೋಸ್ ಎರಡೂವರೆ ಪಟ್ಟು. ಪ್ರಮಾಣವೇ ವಿಷವನ್ನು ವಿಷ ಮಾಡುತ್ತದೆ ಅಂತ 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಹೇಳಿದ್ದು ಇದನ್ನೇ. ಟಾಕ್ಸಿಕಾಲಜಿಯ ಮೊದಲ ಕ್ಲಾಸು ಇದು, ನೀವು ಈಗಾಗಲೇ ಅರ್ಧ ಕಲಿತಿರಿ.

ಉದಾಹರಣೆಗೆ ಹೆಸರು ಬೇಕು ಅಂದರೆ ಪಶ್ಚಿಮ ಬಂಗಾಳಕ್ಕೆ ಹೋಗಿ. ಕೆರೆ ಹೊಂಡದ ನೀರು ಕುಡಿದು ಜನ ವಾಂತಿ ಭೇದಿಯಿಂದ ಸಾಯುತ್ತಾರೆ ಅಂತ ಅಲ್ಲಿ ಊರೂರಿಗೆ ಕೊಳವೆಬಾವಿ ಕೊರೆದರು. 1983ರಲ್ಲಿ ಚರ್ಮರೋಗ ವೈದ್ಯರಾದ ಕೆ.ಸಿ. ಸಾಹಾ ಹಳ್ಳಿಯಿಂದ ಬಂದ ರೋಗಿಗಳ ಮೈಮೇಲಿನ ಕಲೆ, ಗಂಟು ನೋಡಿ ಇದು ಆರ್ಸೆನಿಕ್ ಅಂತ ಗುರುತಿಸಿದರು. ವೈದ್ಯರ ಕಣ್ಣು ಇಲ್ಲದಿದ್ದರೆ ಅದು ಗೊತ್ತಾಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಯಾವ ಊರು, ಯಾವ ಬಾವಿ, ಎಷ್ಟು ಆರ್ಸೆನಿಕ್? 1988ರಿಂದ ವರ್ಷಗಟ್ಟಲೆ ಹಳ್ಳಿ ಹಳ್ಳಿ ಸುತ್ತಿ ನೀರು, ಕೂದಲು, ಉಗುರು ಪರೀಕ್ಷೆ ಮಾಡಿ ಅದನ್ನು ತೋರಿಸಿದವರು ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಅವರ ತಂಡ. ಅವರು ಡಾಕ್ಟರ್ ಅಲ್ಲ, ಕೆಮಿಸ್ಟ್. ನಿಮ್ಮ ಸಬ್ಜೆಕ್ಟೇ.

ಇಷ್ಟು ಹೇಳಿದ ಮೇಲೂ ಯಾರಾದರೊಬ್ಬರು "ಜಾನ್ ಸ್ನೋ ಡಾಕ್ಟರ್ ಆಗಿದ್ದರಲ್ಲ ಮೇಡಂ" ಅಂತ ಎದ್ದು ನಿಲ್ಲುತ್ತಾರೆ. ಆಗಿದ್ದರು. 1854ರಲ್ಲಿ ಲಂಡನ್‌ನ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನಿಂದಲೇ ಕಾಲರಾ ಹರಡಿತು ಅಂತ ಹೇಳಿದ್ದು ಅವರೇ. ಆದರೆ ಆ ಕಡೆಯ ಚರ್ಚಿನ ಪಾದ್ರಿ ಹೆನ್ರಿ ವೈಟ್‌ಹೆಡ್ ಬಗ್ಗೆ ಯಾರೂ ಓದುವುದಿಲ್ಲ. ಸ್ನೋ ಮಾತು ತಪ್ಪು ಅಂತ ಸಾಧಿಸಲು ಹೊರಟ ಆ ಮನುಷ್ಯ ಮನೆ ಮನೆ ಬಾಗಿಲು ಬಡಿದು ವಿಚಾರಿಸುತ್ತಾ, ಮೊದಲು ಕಾಯಿಲೆ ಬಿದ್ದ ಕೂಸಿನ ಬಟ್ಟೆ ತೊಳೆದ ನೀರನ್ನು ಪಂಪಿನ ಪಕ್ಕದ ಗುಂಡಿಗೆ ಸುರಿದಿದ್ದರು ಅಂತ ಪತ್ತೆ ಮಾಡಿದರು. ಪಾದ್ರಿ ರೀ! ಎಂಬಿಬಿಎಸ್ ಬಿಡಿ, ಬಿಎಸ್ಸಿ ಕೂಡ ಇಲ್ಲ.

ಸರಿ, ಎಲ್ಲಿ ಓದುವುದು? ಇದನ್ನು ಬೇಗ ಮುಗಿಸುತ್ತೇನೆ. ಪಬ್ಲಿಕ್ ಹೆಲ್ತ್‌ಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಿಮ್ಮ ಮನೆ ಬಾಗಿಲಲ್ಲೇ ಇದೆ, ಆಮೇಲೆ ಮಣಿಪಾಲ ನೋಡಿ. ಟಾಕ್ಸಿಕಾಲಜಿಯಲ್ಲೇ ಎಂಎಸ್ಸಿ ಕೊಡುವವರು ನಮ್ಮ ದೇಶದಲ್ಲಿ ಕಡಿಮೆ, ದೆಹಲಿಯ ಜಾಮಿಯಾ ಹಮ್‌ದರ್ದ್ ಅಂಥದ್ದು. ಅದಕ್ಕಿಂತ ನಮ್ಮ ಕಡೆಯ ಮಕ್ಕಳಿಗೆ ನಾನು ಹೇಳುವ ದಾರಿ ಇದು: ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಅಥವಾ ಝೂಆಲಜಿಯಲ್ಲಿ ಎಂಎಸ್ಸಿ ಮಾಡಿ, ನೆಟ್ ಪರೀಕ್ಷೆ ಬರೆಯಿರಿ, ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಲಖನೌದ ವಿಷವಿಜ್ಞಾನ ಸಂಶೋಧನಾ ಸಂಸ್ಥೆ ಐಐಟಿಆರ್‌ನಲ್ಲಿ ಪಿಎಚ್‌ಡಿಗೆ ಪ್ರಯತ್ನಿಸಿ. 1965ರಿಂದ ಅವರು ವಿಷದ ಅಧ್ಯಯನವನ್ನೇ ಮಾಡುತ್ತಿದ್ದಾರೆ. ಜೆಆರ್‌ಎಫ್ ಅಂದರೆ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಈ ಅಂಕಿ ಅಪ್ಪನಿಗೆ ಮೊದಲು ಹೇಳಿ. ಅಮೆರಿಕ ಅನ್ನುವವರಿಗೆ ಒಂದೇ ಮಾತು, ಅಲ್ಲಿ ಎಂಪಿಎಚ್‌ಗೆ ಸಾಮಾನ್ಯವಾಗಿ ನೀವೇ ದುಡ್ಡು ಕಟ್ಟಬೇಕು, ಪಿಎಚ್‌ಡಿಗೆ ಹೆಚ್ಚಿನ ಕಡೆ ಅವರೇ ಸ್ಟೈಪೆಂಡ್ ಕೊಡುತ್ತಾರೆ. ಸಾಲ ಮಾಡುವ ಮುಂಚೆ ಈ ವ್ಯತ್ಯಾಸ ತಿಳ್ಕೊಳ್ಳಿ.

ಬ್ಯಾಡಗಿ, ಹಾವೇರಿ ಕಡೆಯ ಬಿಎಸ್ಸಿ ಅಗ್ರಿ ಮಕ್ಕಳು ನಮಗೆ ಇದು ಸಂಬಂಧ ಇಲ್ಲ ಅಂದುಕೊಳ್ಳುತ್ತಾರೆ. ನಿಮಗೇ ಜಾಸ್ತಿ ಸಂಬಂಧ. ಮೆಣಸಿನಕಾಯಿಗೆ ಯಾವ ತಿಂಗಳು ಯಾವ ಎಣ್ಣೆ ಹೊಡೀತಾರೆ, ಪಂಪ್ ಹೊತ್ತವರು ಮುಖಕ್ಕೆ ಏನು ಕಟ್ಟಿಕೊಳ್ಳುತ್ತಾರೆ, ಗಾಳಿ ಎದುರಿದ್ದರೂ ಯಾಕೆ ನಿಲ್ಲಿಸುವುದಿಲ್ಲ, ಇದು ಲ್ಯಾಬ್‌ನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಹೊಡೆದವರ ರಕ್ತದಲ್ಲಿ ಕೋಲಿನೆಸ್ಟರೇಸ್ ಅನ್ನುವ ಎಂಜೈಮ್ ಕೆಲಸ ಕಡಿಮೆಯಾಗುತ್ತದೆ, ಅದನ್ನು ಅಳೆಯಬಹುದು. ಆದರೆ ಯಾರ ರಕ್ತ, ಯಾವ ದಿನ ತೆಗೆಯಬೇಕು ಅಂತ ಹೇಳಲು ಹೊಲ ಗೊತ್ತಿರಬೇಕು. ಎಲ್ಲರಿಗೂ ಒಂದು ಎಚ್ಚರಿಕೆ: ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಿ ಈ ಕಡೆ ಓಡಿ ಬರಬೇಡಿ. ಇಲ್ಲಿ ಅದೇ ರೊಟ್ಟಿ, ಉಳಿದದ್ದೆಲ್ಲ ಪಲ್ಯ.

ಇನ್ನು ನೀವು ಕೇಳದೇ ಇದ್ದದ್ದು. ಫ್ಲೋರೈಡ್ ಅಂದ ಕೂಡಲೇ "ನಾವು ನೀರು ಕುದಿಸಿಯೇ ಕುಡಿಯುತ್ತೇವೆ" ಅನ್ನುವವರು ಬರುತ್ತಾರೆ, ಓದಿದವರೂ ಸೇರಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು. 1.6 ಇರುವ 10 ಲೀಟರ್ ನೀರನ್ನು ಕುದಿಸಿ 8 ಲೀಟರ್‌ಗೆ ಇಳಿಸಿದರೆ ಅದು 2 ಆಗುತ್ತದೆ, ಸುಮ್ನೆ ಗ್ಯಾಸ್ ಖರ್ಚು. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಆರ್‌ಒ ಘಟಕ ಫ್ಲೋರೈಡ್ ತೆಗೆದುಹಾಕುತ್ತದೆ, ಆದರೆ ಊರಿನ ಘಟಕದಿಂದ ಕ್ಯಾನ್ ತಂದು ಆ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಬೇಳೆ ಬೇಯಿಸಲು, ಚಹಾ ಮಾಡಲು ಬೋರ್ ನೀರೇ ಬಳಸುವ ಮನೆಗಳು ಎಷ್ಟೋ. ಆ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ, ಅಲ್ವಾ? ಮುಖ್ಯವಾಗಿ ಎಂಟು ವರ್ಷದ ಒಳಗಿನ ಮಕ್ಕಳಿರುವ ಮನೆಯಲ್ಲಿ ಅಡುಗೆಗೂ ಒಳ್ಳೆಯ ನೀರು ಬೇಕು, ಶಾಶ್ವತ ಹಲ್ಲುಗಳು ಒಸಡಿನ ಒಳಗೆ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ. ಅನುಮಾನ ಇದ್ದರೆ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಸ್ಯಾಂಪಲ್ ಕೊಡಿ. ಗಾಜಿನ ಬಾಟಲಿ ಬೇಡ, ಆ ಬೋರ್ ನೀರಿನಲ್ಲೇ ಎರಡು ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕು. ಮೇಲೆ ಬೋರ್ ಯಾವುದು, ತಾರೀಖು ಏನು ಅಂತ ಬರೆಯಿರಿ. ಹೆಸರಿಲ್ಲದ ಬಾಟಲಿ ಲ್ಯಾಬ್‌ಗೆ ಬಂದರೆ ಏನು ಬೈಗುಳ ಬೀಳುತ್ತದೆ ಅಂತ ಎಂಎಸ್ಸಿಯ ಮೊದಲ ಸೆಮಿಸ್ಟರ್‌ನಲ್ಲೇ ನಿಮಗೆ ಗೊತ್ತಾಗುತ್ತದೆ.